ಹೊಸ ಕೋರ್ಸಿಗೆ ಕಟ್‌ಆಫ್ ಎಷ್ಟು? ಹೋದ ವರ್ಷದ ಅಂಕಿ ಇಲ್ಲದಾಗ ಲೆಕ್ಕ ಹಾಕುವ ಬಗೆ

ಪ್ರಶ್ನೆ: ನನ್ನ ಮಗಳಿಗೆ ಈ ಬಾರಿ ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್ 24 ಸಾವಿರದ ಆಸುಪಾಸು ಬಂದಿದೆ. ನಾವು ಪ್ರವರ್ಗ 2ಎ. ಒಂದರಿಂದ ಹತ್ತರವರೆಗೆ ಹಾಸನ ಜಿಲ್ಲೆಯ ನಮ್ಮೂರಲ್ಲೇ ಓದಿದ್ದರಿಂದ ಗ್ರಾಮೀಣ ಮೀಸಲಾತಿಯೂ ಇದೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಈ ವರ್ಷವೇ ಶುರುವಾಗುತ್ತಿರುವ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ ಮತ್ತು ಯಂತ್ರ ಕಲಿಕೆ) ಕೋರ್ಸ್ ಬೇಕು ಅಂತ ಹಟ ಹಿಡಿದಿದ್ದಾಳೆ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಕಟ್‌ಆಫ್ ನೋಡಿದರೆ ನಮಗೆ ಸಿಗುವ ಹಾಗಿಲ್ಲ. ಹೊಸ ಕೋರ್ಸಿಗೆ ಹೋದ ವರ್ಷದ ಕಟ್‌ಆಫೇ ಇಲ್ಲ. ಕಾಲೇಜಿನವರು ‘ಕೆಇಎ ಫಿಕ್ಸ್ ಮಾಡುತ್ತೆ’ ಅನ್ನುತ್ತಾರೆ. ಏಜೆಂಟರೊಬ್ಬರು, ‘ಹೊಸ ಕೋರ್ಸ್ ಅಲ್ವಾ, ಮೊದಲ ವರ್ಷ ಕಟ್‌ಆಫ್ 40 ಸಾವಿರಕ್ಕೆ ಇಡ್ತಾರೆ, ಆದರೂ ನೆಚ್ಚಿಕೋಬೇಡಿ, ಈಗಲೇ ಮ್ಯಾನೇಜ್‌ಮೆಂಟ್ ಸೀಟಿಗೆ ಅಡ್ವಾನ್ಸ್ ಕೊಟ್ಟುಬಿಡಿ’ ಎಂದು ಅವಸರ ಮಾಡುತ್ತಿದ್ದಾರೆ. ಹೊಸ ಕೋರ್ಸಿನ ಕಟ್‌ಆಫನ್ನು ಯಾರು, ಹೇಗೆ ನಿಗದಿ ಮಾಡುತ್ತಾರೆ? ಆಪ್ಷನ್ ಪಟ್ಟಿಯಲ್ಲಿ ಅದನ್ನು ಎಷ್ಟನೆಯದಾಗಿ ಹಾಕಬೇಕು? ಮೊದಲ ಬ್ಯಾಚಿಗೆ ಸೇರುವುದೇ ತಪ್ಪಾಗುತ್ತದೆಯೇ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಹಳೆಯ ಕೋರ್ಸಾದರೆ ಹೋದ ವರ್ಷದ ಅಂಕಿಯ ಪಕ್ಕ ನಿಮ್ಮ ರ‍್ಯಾಂಕ್ ಇಟ್ಟು ನೋಡಬಹುದು. ಹೊಸದಕ್ಕೆ ಆ ಆಸರೆ ಇಲ್ಲ. ಆ ಖಾಲಿ ಜಾಗದಲ್ಲೇ ಏಜೆಂಟರ ಮಾತು ಬಂದು ಕೂರುತ್ತದೆ.

ಮೊದಲು ಏಜೆಂಟರ ಮಾತನ್ನೇ ತೆಗೆದುಕೊಳ್ಳೋಣ. ‘ಕಟ್‌ಆಫ್ 40 ಸಾವಿರಕ್ಕೆ ಇಡ್ತಾರೆ’ ಎಂದರಲ್ಲ, ಹಾಗೆ ಇಡುವವರು ಯಾರೂ ಇಲ್ಲ. ಕಾಲೇಜಿಗೆ ಆ ಅಧಿಕಾರವಿಲ್ಲ, ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುಗೂ ಇಲ್ಲ, ಸಿಇಟಿ ನಡೆಸಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರವಾದ ಕೆಇಎಗೂ ಇಲ್ಲ. ಮುಂಚಿತವಾಗಿ ನಿಗದಿಯಾಗಿರುವುದು ಒಂದೇ: ಕನಿಷ್ಠ ಅರ್ಹತೆ. ದ್ವಿತೀಯ ಪಿಯುಸಿಯಲ್ಲಿ ನಿಗದಿತ ವಿಷಯಗಳಲ್ಲಿ ಒಟ್ಟು ಶೇ 45, ಮೀಸಲು ವರ್ಗಗಳಿಗೆ ಶೇ 40. ಹೊಸ ಕೋರ್ಸಾದರೂ ಹಳೆಯದಾದರೂ ಇದು ಒಂದೇ. ನಿಮ್ಮ ಮಗಳಿಗೆ ರ‍್ಯಾಂಕ್ ಬಂದು, ದಾಖಲೆ ಪರಿಶೀಲನೆಯೂ ಮುಗಿದಿದ್ದರೆ ಆ ಬಾಗಿಲು ದಾಟಿದಂತೆಯೇ.

ನಾವು ದಿನವೂ ಕಟ್‌ಆಫ್ ಎನ್ನುವುದು ಸೀಟು ಹಂಚಿಕೆ ಮುಗಿದ ಮೇಲೆ ಉಳಿಯುವ ಒಂದು ಗುರುತು. ಆ ಕಾಲೇಜಿನ ಆ ಕೋರ್ಸಿನಲ್ಲಿ, ಆ ವರ್ಗದ ಕೊನೆಯ ಸೀಟು ಯಾರಿಗೆ ಸಿಕ್ಕಿತೋ ಅವರ ರ‍್ಯಾಂಕೇ ಕಟ್‌ಆಫ್. ಹಂಚಿಕೆ ನಡೆಯುವುದು ಹೀಗೆ: ಗಣಕಯಂತ್ರ ಒಂದನೇ ರ‍್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಕೈಗೆತ್ತಿಕೊಳ್ಳುತ್ತದೆ. ಅವರು ಬೇಕಾದ ಕಾಲೇಜು-ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬಿದ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ, ಅವರು ಅರ್ಹರಾಗಿರುವ ಯಾವುದಾದರೂ ವರ್ಗದಲ್ಲಿ ಸೀಟು ಉಳಿದಿರುವ ಮೊದಲ ಆಪ್ಷನ್ನಿನಲ್ಲಿ ಕೂರಿಸಿ, ಮುಂದಿನ ರ‍್ಯಾಂಕಿಗೆ ಹೋಗುತ್ತದೆ. ನಿಮ್ಮ ಮಗಳ ಸರದಿ ಬರುವಷ್ಟರಲ್ಲಿ ಅವಳಿಗಿಂತ ಮುಂದಿನ ಸುಮಾರು 24 ಸಾವಿರ ಮಂದಿಯ ಆಯ್ಕೆ ಮುಗಿದಿರುತ್ತದೆ. ಅವರಲ್ಲಿ ಎಷ್ಟು ಜನ ಈ ಹೊಸ ಕೋರ್ಸನ್ನು ತಮ್ಮ ಪಟ್ಟಿಯಲ್ಲಿ ಎಲ್ಲಿಟ್ಟಿದ್ದರು ಎಂಬುದೇ ಕಟ್‌ಆಫನ್ನು ತೀರ್ಮಾನಿಸುವುದು. ‘ಹಂಚಿಕೆ ಆದಮೇಲೆ ಗೊತ್ತಾಗುತ್ತೆ’ ಎಂದು ಯಾರಾದರೂ ಹೇಳಿದರೆ ಅದು ನುಣುಚಿಕೊಳ್ಳುವ ಮಾತಲ್ಲ, ಇರುವ ಸಂಗತಿಯೇ ಅದು.

ಕಟ್‌ಆಫನ್ನು ನಿಜವಾಗಿಯೇ ಮೊದಲೇ ಘೋಷಿಸುವ ಪದ್ಧತಿ ಬೇರೆ ಕಡೆ ಇತ್ತು. ದೆಹಲಿ ವಿಶ್ವವಿದ್ಯಾಲಯದಲ್ಲಿ 2021ರವರೆಗೆ ಕಾಲೇಜುಗಳು ಹನ್ನೆರಡನೇ ತರಗತಿಯ ಶೇಕಡಾವಾರು ಅಂಕವನ್ನು ಕಟ್‌ಆಫ್ ಆಗಿ ಪ್ರಕಟಿಸುತ್ತಿದ್ದವು. ಅಷ್ಟು ಅಂಕ ಇದ್ದು ಅವಧಿಯೊಳಗೆ ಬಂದವರಿಗೆಲ್ಲ ಪ್ರವೇಶ ಕೊಡಲೇಬೇಕಿತ್ತು. ಅಂದಾಜು ಸ್ವಲ್ಪ ಸಡಿಲವಾದರೂ ಇರುವ ಸೀಟಿಗಿಂತ ಹೆಚ್ಚು ಜನ ಸೇರಿಬಿಡುತ್ತಿದ್ದರು. ಆ ಭಯಕ್ಕೇ 2021ರಲ್ಲಿ ಕೆಲವು ಕಾಲೇಜುಗಳ ಕೆಲವು ಕೋರ್ಸುಗಳಲ್ಲಿ ಕಟ್‌ಆಫ್ ಶೇ 100ಕ್ಕೆ ಹೋಗಿ ನಿಂತಿತು. 2022ರಿಂದ ಅಲ್ಲೂ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು ಹಂಚುವ ಕ್ರಮ ಬಂದಿದೆ. ಕರ್ನಾಟಕದ ಎಂಜಿನಿಯರಿಂಗ್ ಪ್ರವೇಶದಲ್ಲಿ ಅಂಥ ಘೋಷಿತ ಕಟ್‌ಆಫ್ ಇಲ್ಲ. ‘ಕಟ್‌ಆಫ್ ಇಡ್ತಾರೆ’ ಎಂಬ ಮಾತು ಇಲ್ಲಿ ಬರೀ ರೂಢಿಯ ತಪ್ಪು.

ಹಾಗಾದರೆ ಅಂದಾಜು ಮಾಡಲು ಬರುವುದೇ ಇಲ್ಲವೇ? ಬರುತ್ತದೆ. ಅದಕ್ಕೆ ಮೊದಲು ಸೀಟಿನ ಲೆಕ್ಕ ಕೈಗೆ ಸಿಗಬೇಕು. ಪೋಷಕರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಹೊಸ ಕೋರ್ಸಿಗೆ ಹೆಚ್ಚಾಗಿ 60 ಸೀಟು ಮಂಜೂರಾಗಿರುತ್ತದೆ. ‘60 ಸೀಟಿದೆ, ನಮಗೊಂದು ಸಿಗದೇ ಹೋಗುತ್ತಾ’ ಅನ್ನಿಸುವುದು ಸಹಜ. ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ ಕೆಇಎ ಮೂಲಕ ತುಂಬುವ ಸರ್ಕಾರಿ ಕೋಟಾ ಶೇ 45, ಅಂದರೆ 27 ಸೀಟು. ಶೇ 30, ಅಂದರೆ 18, ಖಾಸಗಿ ಕಾಲೇಜುಗಳ ಒಕ್ಕೂಟ ಬೇರೆಯಾಗಿ ನಡೆಸುವ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆಗೆ. ಉಳಿದ 15 ಆಡಳಿತ ಮಂಡಳಿಗೆ. ಆ 27ರಲ್ಲೂ ಶೇ 8ರಷ್ಟನ್ನು ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ತೆಗೆದಿಡಬೇಕು. ಲೆಕ್ಕ ಸರಳವಾಗಲಿ ಎಂದು ಅದನ್ನು ಸದ್ಯಕ್ಕೆ ಬದಿಗಿಡೋಣ. ಪರಿಶಿಷ್ಟ ಜಾತಿಗೆ ಶೇ 17, ಪರಿಶಿಷ್ಟ ಪಂಗಡಕ್ಕೆ ಶೇ 7, ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5 ಎಂದು ಹಂಚಿದರೆ ಸುಮಾರಾಗಿ ಪರಿಶಿಷ್ಟ ಜಾತಿಗೆ 5, ಪಂಗಡಕ್ಕೆ 2, ಪ್ರವರ್ಗ 1ಕ್ಕೆ 1, 2ಎಗೆ 4, 2ಬಿ, 3ಎ, 3ಬಿಗೆ ಒಂದೊಂದು, ಸಾಮಾನ್ಯ ವರ್ಗಕ್ಕೆ 12. ಇನ್ನೂ ಮುಗಿದಿಲ್ಲ. ಪ್ರತಿ ವರ್ಗದೊಳಗೆ ಶೇ 15 ಗ್ರಾಮೀಣಕ್ಕೆ, ಶೇ 5 ಕನ್ನಡ ಮಾಧ್ಯಮಕ್ಕೆ. 2ಎಯ 4 ಸೀಟಿನಲ್ಲಿ ಶೇ 15 ಎಂದರೆ ಅರ್ಧ ಸೀಟಿಗಿಂತ ತುಸು ಹೆಚ್ಚು. ಒಂದು ಸೀಟು ಬಂದರೂ ಬಂದೀತು, ಬಾರದೆಯೂ ಇದ್ದೀತು.

ಈಗ ನೋಡಿ, 60 ಸೀಟಿನ ಕೋರ್ಸಿನಲ್ಲಿ ನಿಮ್ಮ ಮಗಳಿಗೆ ತೆರೆದಿರುವುದು ಎಷ್ಟು? 2ಎ ಸಾಮಾನ್ಯದಲ್ಲಿ ಸುಮಾರು 3, 2ಎ ಗ್ರಾಮೀಣದಲ್ಲಿ ಇದ್ದರೆ 1, ಮತ್ತು ರ‍್ಯಾಂಕ್ ಎಟುಕಿದರೆ ಸಾಮಾನ್ಯ ವರ್ಗದ ಹತ್ತು-ಹನ್ನೆರಡು. ಹೀಗೆ ಒಂದೇ ಸೀಟಿರುವ ಕಾಲಮ್ಮಿನಲ್ಲಿ ಕಟ್‌ಆಫ್ ಎಂದರೆ ಆ ಒಬ್ಬ ಅಭ್ಯರ್ಥಿಯ ರ‍್ಯಾಂಕ್ ಅಷ್ಟೆ. ಆ ಹುಡುಗನೋ ಹುಡುಗಿಯೋ ಅದೇ ಸುತ್ತಿನಲ್ಲಿ ಬೇರೆ ಕಾಲೇಜನ್ನು ಮೇಲಿಟ್ಟಿದ್ದರೆ ಆ ಅಂಕಿ ಐದೋ ಹತ್ತೋ ಸಾವಿರ ಆಚೆಗೆ ಹೋಗಿ ನಿಲ್ಲುತ್ತಿತ್ತು. ಹಳೆಯ ಕೋರ್ಸುಗಳ ಕಟ್‌ಆಫ್ ಪಟ್ಟಿಯಲ್ಲಿ 2ಎಜಿ, 2ಎಕೆ, 2ಎಆರ್ ಎಂದು ಮೂರು ಕಾಲಮ್ ಕಾಣುತ್ತವಲ್ಲ, ಜಿ ಎಂದರೆ ಆ ವರ್ಗದ ಸಾಮಾನ್ಯ, ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ. ಕೆಲವೆಡೆ ಅಂಕಿಯ ಜಾಗದಲ್ಲಿ ಎರಡು ಅಡ್ಡಗೆರೆ ಇರುತ್ತದೆ. ಅದನ್ನು ‘ಸೀಟು ಖಾಲಿ ಉಳಿದಿತ್ತು’ ಎಂದು ಓದುವವರು ಬಹಳ. ಹೆಚ್ಚಿನ ಸಲ ಅದರ ಅರ್ಥ, ಆ ಉಪವರ್ಗಕ್ಕೆ ಆ ಕೋರ್ಸಿನಲ್ಲಿ ಸೀಟೇ ಇರಲಿಲ್ಲ ಎಂದು. ಹಾಗಾಗಿ ಅಡ್ಡಗೆರೆ ಕಂಡಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಜಿ ಕಾಲಮ್ಮಿನ ಅಂಕಿ ನೋಡಿ, ಅದರಲ್ಲಿ ಸೀಟು ಹೆಚ್ಚಿರುವುದರಿಂದ ಅದೇ ಹೆಚ್ಚು ನಂಬಿಕೆಗೆ ಅರ್ಹ.

ಗ್ರಾಮೀಣ ಮೀಸಲಾತಿಯ ಬಗ್ಗೆ ಇನ್ನೊಂದು ಮಾತು. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ನಡುವೆ ಒಂದು ವರ್ಷ ಪೇಟೆಯ ಶಾಲೆಗೆ ಹೋಗಿದ್ದರೂ ಆಗದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಸರಿಯಾಗಿ ಕೂತಿದೆಯೇ, ಪರಿಶೀಲನೆಯ ನಂತರದ ಚೀಟಿಯಲ್ಲಿ ‘2ಎ’ ಮತ್ತು ‘ಗ್ರಾಮೀಣ’ ಎರಡೂ ಅಚ್ಚಾಗಿವೆಯೇ ಎಂದು ಇವತ್ತೇ ನೋಡಿ. ಅಲ್ಲಿ ಇಲ್ಲದ್ದು ಹಂಚಿಕೆಯಲ್ಲೂ ಇರುವುದಿಲ್ಲ.

ಇನ್ನು ಅಂದಾಜಿಗೆ ಬರೋಣ. ಹೊಸ ಕೋರ್ಸಿಗೆ ಇತಿಹಾಸವಿಲ್ಲದಿದ್ದರೂ ಅದರ ಅಕ್ಕಪಕ್ಕದವಕ್ಕೆ ಇದೆ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್, ಇನ್‌ಫರ್ಮೇಶನ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಮೂರರ ಹೋದ ವರ್ಷದ ಕೊನೆಯ ಸುತ್ತಿನ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲ ಸುತ್ತಿನದು ಬೇಡ. ಮೊದಲ ಸುತ್ತಿನಲ್ಲಿ ಸೀಟು ಪಡೆದು ನಂತರ ಬಿಟ್ಟುಹೋಗುವವರು ಬಹಳ, ಅದರ ಅಂಕಿ ಯಾವಾಗಲೂ ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ. ಉದಾಹರಣೆಗೆ, 2ಎಜಿಯಲ್ಲಿ ಕಂಪ್ಯೂಟರ್ ಸೈನ್ಸ್ 14 ಸಾವಿರಕ್ಕೆ, ಇನ್‌ಫರ್ಮೇಶನ್ ಸೈನ್ಸ್ 19 ಸಾವಿರಕ್ಕೆ, ಎಲೆಕ್ಟ್ರಾನಿಕ್ಸ್ 31 ಸಾವಿರಕ್ಕೆ ನಿಂತಿತ್ತು ಎಂದುಕೊಳ್ಳಿ. ಇವು ವಿವರಣೆಗೆಂದು ಹಾಕಿದ ಅಂಕಿಗಳು, ನಿಮ್ಮ ಕಾಲೇಜಿನ ನಿಜವಾದ ಅಂಕಿ ಬರೆದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ತಪ್ಪಿದವರು ಮೊದಲು ಇನ್‌ಫರ್ಮೇಶನ್ ಸೈನ್ಸಿಗೆ, ಆಮೇಲೆ ಹೆಸರಿನಲ್ಲಿ ಕಂಪ್ಯೂಟರಿನ ವಾಸನೆ ಇರುವ ಹೊಸ ಕೋರ್ಸಿಗೆ, ಆಮೇಲೆ ಎಲೆಕ್ಟ್ರಾನಿಕ್ಸಿಗೆ ಇಳಿಯುವುದು ಬೆಂಗಳೂರಿನ ಕಾಲೇಜುಗಳಲ್ಲಿ ಸಾಮಾನ್ಯ ಜಾಡು. ಆಗ ಹೊಸ ಎಐ-ಎಂಎಲ್ 19ರಿಂದ 31 ಸಾವಿರದ ನಡುವೆ ಎಲ್ಲೋ, 19ರ ಹತ್ತಿರಕ್ಕೇ ನಿಲ್ಲುವ ಸಾಧ್ಯತೆ ಹೆಚ್ಚು. 24 ಸಾವಿರದ ರ‍್ಯಾಂಕ್ ಇಂಥ ಪಟ್ಟಿಯಲ್ಲಿ ಗಡಿಯ ಮೇಲೆ ಕೂತಂತೆ.

ಈ ಮೊದಲ ಅಂದಾಜನ್ನು ನಾಲ್ಕಾರು ಸಂಗತಿಗಳು ಆಚೀಚೆ ಎಳೆಯುತ್ತವೆ.

ಎಲ್ಲಕ್ಕಿಂತ ದೊಡ್ಡದು, ಈ ವರ್ಷ ಒಟ್ಟು ಎಷ್ಟು ಹೊಸ ಸೀಟು ಬಂದಿದೆ ಎಂಬುದು. ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ 2024-25ರಿಂದ, ಷರತ್ತು ಪೂರೈಸುವ ಕಾಲೇಜುಗಳಿಗೆ ತೆಗೆದುಹಾಕಿದೆ. ನಿಮಗೆ ಬೇಕಾದ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ 180ರಿಂದ 240ಕ್ಕೆ ಏರಿದ್ದರೆ, ಸರ್ಕಾರಿ ಕೋಟಾದಲ್ಲಿ ಅಲ್ಲೇ ಇನ್ನೂ 27 ಸೀಟು ಸೇರಿತು. ಮೇಲಿನ ರ‍್ಯಾಂಕಿನವರು ಅಲ್ಲಿಗೆ ಹೋಗುತ್ತಾರೆ, ಅವರ ಹಿಂದಿನವರಿಗೆ ಒಂದೊಂದು ಮೆಟ್ಟಿಲು ಮೇಲಿನ ಜಾಗ ಸಿಗುತ್ತದೆ, ಹೊಸ ಕೋರ್ಸಿನ ಕಟ್‌ಆಫ್ ಸಡಿಲವಾಗುತ್ತದೆ. ಅದೇ ಬಸ್ ಮಾರ್ಗದ ಇನ್ನೊಂದು ಒಳ್ಳೆಯ ಕಾಲೇಜಿನಲ್ಲಿ ಸೀಟು ಹೆಚ್ಚಾದರೂ ಇದೇ ಪರಿಣಾಮ. ಆದ್ದರಿಂದ ಹೋದ ವರ್ಷದ ಕಟ್‌ಆಫ್ ಪಟ್ಟಿಗಿಂತ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕೋರ್ಸಿಗೆ ಎಷ್ಟು ಸೀಟು ಎಂಬ ಪಟ್ಟಿ) ಮುಖ್ಯ. ಎರಡನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ಶಾಖೆಯ ಸೀಟು ಹೋದ ವರ್ಷ ಎಷ್ಟಿತ್ತು ಈ ವರ್ಷ ಎಷ್ಟಾಯಿತು ಎಂದು ಗುರುತು ಹಾಕಿ.

ಎರಡನೆಯದು, ಕೋರ್ಸ್ ಹಂಚಿಕೆಯ ಕಣಕ್ಕೆ ಯಾವಾಗ ಬಂತು ಎಂಬುದು. ಹೊಸ ಕೋರ್ಸ್ ಶುರುವಾಗಬೇಕಾದರೆ ಎಐಸಿಟಿಇ ಅನುಮೋದನೆ ಬೇಕು, ವಿಟಿಯು ಸ್ಥಳ ಪರಿಶೀಲನಾ ಸಮಿತಿ ಬಂದುಹೋಗಿ ಸಂಯೋಜನೆ ಕೊಡಬೇಕು, ಸರ್ಕಾರದ ಆದೇಶ ಆಗಬೇಕು. ಇದೆಲ್ಲ ಮುಗಿದ ಮೇಲಷ್ಟೇ ಸೀಟ್ ಮ್ಯಾಟ್ರಿಕ್ಸಿನಲ್ಲಿ ಹೆಸರು ಬರುತ್ತದೆ. ಇದರಲ್ಲಿ ಒಂದು ತಡವಾದರೂ ಕೋರ್ಸ್ ಮೊದಲ ಸುತ್ತು ತಪ್ಪಿಸಿಕೊಂಡು ನಡುವೆ ಸೇರಿಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ರ‍್ಯಾಂಕಿನ ಬಹಳಷ್ಟು ಮಂದಿ ಸಿಕ್ಕ ಸೀಟಿಗೆ ಶುಲ್ಕ ಕಟ್ಟಿ ಹೊರಬಿದ್ದಿರುತ್ತಾರೆ. ಉಳಿದವರಷ್ಟೇ ಪೈಪೋಟಿಯಲ್ಲಿರುವುದರಿಂದ ಆ ವರ್ಷದ ಕಟ್‌ಆಫ್ ಅಸಹಜವಾಗಿ ದೂರ ಹೋಗುತ್ತದೆ. ‘ಹೊಸ ಕೋರ್ಸಿಗೆ ಮೊದಲ ವರ್ಷ ಸುಲಭವಾಗಿ ಸಿಗುತ್ತೆ’ ಎಂಬ ನಂಬಿಕೆ ಹುಟ್ಟಿದ್ದು ಇಂಥ ತಡವಾಗಿ ಬಂದ ಕೋರ್ಸುಗಳಿಂದಲೇ. ಆಪ್ಷನ್ ಎಂಟ್ರಿ ತೆರೆದ ದಿನವೇ ಪಟ್ಟಿಯಲ್ಲಿದ್ದ ಹೊಸ ಕೋರ್ಸಿಗೆ ಈ ರಿಯಾಯಿತಿ ಸಿಗದು. ನಿಮ್ಮ ಕೋರ್ಸ್ ಯಾವಾಗ ಕಾಣಿಸಿಕೊಂಡಿತು ನೋಡಿ. ತಡವಾಗಿ ಬಂದರೆ ಅದನ್ನು ನಿಮ್ಮ ಪಟ್ಟಿಗೆ ಸೇರಿಸಲು ಅವಕಾಶ ಕೊಡುವ ಪ್ರಕಟಣೆಗಾಗಿ ಕೆಇಎ ಜಾಲತಾಣವನ್ನು ದಿನಕ್ಕೆರಡು ಸಲವಾದರೂ ತೆರೆದು ನೋಡಬೇಕು. ಸಾಮಾನ್ಯವಾಗಿ ಎರಡನೇ ಸುತ್ತಿನಲ್ಲಿ ಇರುವ ಆಪ್ಷನ್‌ಗಳನ್ನು ಹಿಂದುಮುಂದು ಮಾಡಲು, ಅಳಿಸಲು ಬರುತ್ತದೆಯೇ ಹೊರತು ಹೊಸದನ್ನು ಸೇರಿಸಲು ಬರುವುದಿಲ್ಲ.

ಮೂರನೆಯದು ಹೆಸರು. ‘ಕಂಪ್ಯೂಟರ್ ಸೈನ್ಸ್ (ಎಐ-ಎಂಎಲ್)’ ಒಂದು ಪದವಿ, ಬರೀ ‘ಎಐ-ಎಂಎಲ್’ ಇನ್ನೊಂದು. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ಕೋಡ್. ಪದವಿ ಪತ್ರದಲ್ಲಿ ‘ಕಂಪ್ಯೂಟರ್ ಸೈನ್ಸ್’ ಎಂದು ಅಚ್ಚಾಗುತ್ತದೆಂಬ ಕಾರಣಕ್ಕೆ ಮೊದಲನೆಯದಕ್ಕೆ ಬೇಡಿಕೆ ಹೆಚ್ಚು. ಮತ್ತೊಂದು ಸಂಗತಿ, ಹೊಸದು ಎಂದು ಕಾಣುವುದೆಲ್ಲ ಹೊಸದಲ್ಲ. ಹಳೆಯ ಶಾಖೆಯ ಸೀಟುಗಳನ್ನೇ ಮುಚ್ಚಿ ಹೊಸ ಹೆಸರಿಗೆ ವರ್ಗಾಯಿಸಿದ್ದರೆ ಕಾಲೇಜಿನ ಒಟ್ಟು ಸೀಟು ಹೆಚ್ಚಿರುವುದಿಲ್ಲ, ಕಟ್‌ಆಫೂ ಸಡಿಲವಾಗುವುದಿಲ್ಲ. ಹೋದ ವರ್ಷ ಇದ್ದು ಈ ವರ್ಷ ಕಾಣದ ಶಾಖೆ ಯಾವುದಾದರೂ ಇದೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ.

ಇನ್ನು ವರ್ಷದಿಂದ ವರ್ಷಕ್ಕೆ ಅಂಕ ಹೋಲಿಸುವ ಚಟ. ಸಿಇಟಿಯ 180ಕ್ಕೆ ಬಂದ ಅಂಕ ಮತ್ತು ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಎರಡನ್ನೂ ಶೇಕಡಾವಾರಿಗೆ ಇಳಿಸಿ ಅರ್ಧರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಪಿಯುಸಿಯಲ್ಲಿ 300ಕ್ಕೆ 276, ಸಿಇಟಿಯಲ್ಲಿ 180ಕ್ಕೆ 96 ಬಂದಿದ್ದರೆ ಶೇ 92 ಮತ್ತು ಶೇ 53.33, ಸರಾಸರಿ 72.67. ಇದೇ 72.67ಕ್ಕೆ ಪ್ರತಿ ವರ್ಷ ಒಂದೇ ರ‍್ಯಾಂಕ್ ಬರುವುದಿಲ್ಲ. 2024ರಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಅಂಥ ವರ್ಷದ ಅಂಕವನ್ನು ಈ ವರ್ಷದ್ದಕ್ಕೆ ಹೋಲಿಸಿ ಫಲವಿಲ್ಲ. ಹೋಲಿಸುವುದಾದರೆ ರ‍್ಯಾಂಕಿಗೆ ರ‍್ಯಾಂಕ್ ಹೋಲಿಸಿ. ಕೊನೆಯದಾಗಿ, ಕಟ್‌ಆಫ್ ಪಟ್ಟಿ ತೋರಿಸುವುದು ಸೀಟು ಯಾರಿಗೆ ಹಂಚಿಕೆಯಾಯಿತು ಎಂಬುದನ್ನು, ಯಾರು ಸೇರಿದರು ಎಂಬುದನ್ನಲ್ಲ. ಸೀಟು ಬ್ಲಾಕಿಂಗ್ ದಂಧೆ 2024ರಲ್ಲಿ ಹೊರಬಿದ್ದು ಪೊಲೀಸ್ ತನಿಖೆಯವರೆಗೆ ಹೋಯಿತು. ಸೇರುವ ಉದ್ದೇಶವೇ ಇಲ್ಲದವರು ಕೊನೆಯ ಸುತ್ತಿನಲ್ಲಿ ಸೀಟು ಹಿಡಿದುಕೊಂಡ ಕಡೆ ಕಟ್‌ಆಫ್ ಬಿಗಿಯಾಗಿ ಕಾಣುತ್ತದೆ, ತರಗತಿಯಲ್ಲಿ ಮಾತ್ರ ಬೆಂಚು ಖಾಲಿ.

ಇಷ್ಟೆಲ್ಲ ಲೆಕ್ಕ ಹಾಕಿದರೂ ನಿಮಗೆ ಸಿಗುವುದು ಒಂದು ಅಗಲವಾದ ಅಂದಾಜು. ಆದರೆ ನಿಮ್ಮ ಎರಡನೇ ಪ್ರಶ್ನೆಗೆ, ಆಪ್ಷನ್ ಪಟ್ಟಿಯಲ್ಲಿ ಎಷ್ಟನೆಯದಾಗಿ ಹಾಕಬೇಕು ಎಂಬುದಕ್ಕೆ, ಆ ಅಂದಾಜು ಬೇಕೇ ಇಲ್ಲ. ಇದನ್ನು ನಿಧಾನವಾಗಿ ಓದಿ, ಪೋಷಕರು ಅತಿ ಹೆಚ್ಚು ಸೀಟು ಕಳೆದುಕೊಳ್ಳುವುದು ಇಲ್ಲಿ.

‘ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದೂ ಕೈತಪ್ಪುತ್ತದೆ’ ಎಂದು ಹಲವರು ಹೆದರುತ್ತಾರೆ. ಹಂಚಿಕೆಯ ಕ್ರಮವನ್ನು ಮತ್ತೆ ನೆನಪಿಸಿಕೊಳ್ಳಿ. 24 ಸಾವಿರದ ಸರದಿ ಬಂದಾಗ ಗಣಕಯಂತ್ರ ನಿಮ್ಮ ಮಗಳ ಮೊದಲ ಆಪ್ಷನ್ ನೋಡುತ್ತದೆ. ಇಲ್ಲವೇ, ಎರಡನೆಯದು. ಇಲ್ಲವೇ, ಮೂರನೆಯದು. ಈ ನೋಟ ಮುಗಿಯುವವರೆಗೆ 24,001ನೇ ರ‍್ಯಾಂಕಿನವರಿಗೆ ಸರದಿ ಬರುವುದೇ ಇಲ್ಲ. ಅಂದರೆ ಮೇಲೆ ಹತ್ತು ಸಿಗದ ಆಪ್ಷನ್ ಇದ್ದರೂ ಹನ್ನೊಂದನೆಯದು ಎಲ್ಲಿಗೂ ಓಡಿಹೋಗುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮಗಳ ನಿಜವಾದ ಇಷ್ಟದ ಕ್ರಮದಲ್ಲೇ ಹಾಕಿ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಹೊಸ ಕೋರ್ಸಿಗಿಂತ ಹೆಚ್ಚು ಇಷ್ಟವಾದರೆ, ಸಿಗುವುದಿಲ್ಲವೆಂದು ತೋರಿದರೂ ಅದನ್ನೇ ಮೇಲಿಡಿ.

ಅಪಾಯ ಇರುವುದು ಇದರ ತಿರುವಿನಲ್ಲಿ. ಒಂದು ಆಪ್ಷನ್ ಹಂಚಿಕೆಯಾದ ಕ್ಷಣ ಅದರ ಕೆಳಗಿನವೆಲ್ಲ ರದ್ದಾದಂತೆ. ‘ಹೊಸ ಕೋರ್ಸ್, ಹೇಗೂ ಸಿಗುತ್ತೆ, ಮೇಲಿರಲಿ’ ಎಂದು ಅರೆಮನಸ್ಸಿನಿಂದ ಮೇಲಿಟ್ಟರೆ ಅದೇ ಸಿಕ್ಕಿ, ಕೆಳಗಿದ್ದ ನಿಜವಾಗಿ ಬೇಕಾದ ಕೋರ್ಸ್ ಮತ್ತೆ ಸಿಗುವ ದಾರಿ ಮುಚ್ಚುತ್ತದೆ. ಸುರಕ್ಷತೆಗೆಂದು ಹಾಕುವ ಕೋರ್ಸುಗಳ ಜಾಗ ಪಟ್ಟಿಯ ಕೊನೆ. ಮತ್ತು ಪಟ್ಟಿ ಉದ್ದ ಇರಲಿ. ಹತ್ತೋ ಹದಿನೈದೋ ಹಾಕಿ ಮುಗಿಸಬೇಡಿ, 24 ಸಾವಿರದ ರ‍್ಯಾಂಕಿಗೆ ನಲವತ್ತು, ಐವತ್ತು ಆಪ್ಷನ್ ಇದ್ದರೂ ಹೆಚ್ಚಲ್ಲ. ಹಾಸನ, ಮೈಸೂರು, ತುಮಕೂರಿನ ಹಳೆಯ ಕಾಲೇಜುಗಳ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಇರಲಿ.

ನಿಜವಾದ ಸುತ್ತುಗಳಿಗೆ ಮುಂಚೆ ಪ್ರಯೋಗಕ್ಕೆಂದು ಕೆಇಎ ನಡೆಸುವ ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ದಿನ ನಿಮಗೆ ಮೊದಲ ನಿಜವಾದ ಸುಳಿವು ಸಿಗುತ್ತದೆ, ಏಕೆಂದರೆ ಅದು ಈ ವರ್ಷದ ರ‍್ಯಾಂಕ್, ಈ ವರ್ಷದ ಸೀಟು, ಈ ವರ್ಷದ ಜನರ ಪಟ್ಟಿಯ ಮೇಲೆ ನಡೆದದ್ದು. ಅದರಲ್ಲಿ ಹೊಸ ಕೋರ್ಸ್ ಸಿಕ್ಕಿದರೆ ಹಿಗ್ಗಬೇಡಿ, ಸಿಗದಿದ್ದರೆ ಕುಗ್ಗಬೇಡಿ. ಅಣಕಿನ ನಂತರ ಸಾವಿರಾರು ಜನ ತಮ್ಮ ಪಟ್ಟಿ ತಿದ್ದುತ್ತಾರೆ. ಅಲ್ಲಿ ಸಿಕ್ಕ ಸೀಟು ನೋಡಿದ ಮಗಳ ಮುಖದಲ್ಲಿ ಬೇಸರ ಕಂಡರೆ ಮಾತ್ರ ಕ್ರಮ ಬದಲಿಸಿ. ‘ಕಟ್‌ಆಫ್ ಹತ್ತಿರ ಬಂತು’ ಎಂಬ ಕಾರಣಕ್ಕೆ ಬದಲಿಸಬೇಡಿ.

ಮೊದಲ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ಛಾಯ್ಸ್ ಇರುತ್ತವೆ. ಛಾಯ್ಸ್ 1: ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು, ಮುಂದಿನ ಸುತ್ತು ಇಲ್ಲ. ಛಾಯ್ಸ್ 2: ಸಿಕ್ಕಿದ್ದನ್ನು ಶುಲ್ಕ ಕಟ್ಟಿ ಇಟ್ಟುಕೊಂಡು ಮೇಲಿನ ಆಪ್ಷನ್‌ಗಳಿಗೆ ಕಾಯುವುದು. ಛಾಯ್ಸ್ 3: ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಛಾಯ್ಸ್ 4: ಪೂರ್ತಿ ಹೊರಬರುವುದು. ಮಗಳಿಗೆ ಉದಾಹರಣೆಗೆ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕು, ಹೊಸ ಎಐ-ಎಂಎಲ್ ಅದರ ಮೇಲಿದ್ದರೆ, ಛಾಯ್ಸ್ 2 ನಿಮಗೆ ಹೇಳಿಮಾಡಿಸಿದ್ದು. ಸಿಕ್ಕರೆ ಮೇಲಿನದು, ಇಲ್ಲದಿದ್ದರೆ ಕೈಯಲ್ಲಿರುವುದು ಉಳಿಯುತ್ತದೆ. ಒಂದೇ ಎಚ್ಚರಿಕೆ, ಮೇಲಿನದು ಸಿಕ್ಕಿದ ಕೂಡಲೇ ಹಳೆಯದು ತಾನಾಗಿ ಹೋಗುತ್ತದೆ, ‘ಬೇಡ, ಹಳೆಯದೇ ಇರಲಿ’ ಎನ್ನಲು ಬರುವುದಿಲ್ಲ. ಹಾಗಾಗಿ ಛಾಯ್ಸ್ 2 ಆರಿಸಿದರೆ, ಮುಂದಿನ ಸುತ್ತಿನ ಹಂಚಿಕೆಗೆ ಮುಂಚೆ, ಕೈಯಲ್ಲಿರುವುದಕ್ಕಿಂತ ಕಡಿಮೆ ಇಷ್ಟದ್ದು ಯಾವುದಾದರೂ ಮೇಲೆ ಉಳಿದುಬಿಟ್ಟಿದ್ದರೆ ಅಳಿಸಿ. ಛಾಯ್ಸ್ 3ಕ್ಕೆ 24 ಸಾವಿರದ ರ‍್ಯಾಂಕಿನಲ್ಲಿ ಕೈಹಾಕುವುದು ದುಬಾರಿ ಜೂಜು. ಠೇವಣಿ, ದಂಡ, ಕೊನೆಯ ಸುತ್ತಿನ ನಂತರ ಸೀಟು ಬಿಟ್ಟರೆ ಏನಾಗುತ್ತದೆ ಎಂಬ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಆಯಾ ಸುತ್ತಿನ ಪ್ರಕಟಣೆಯನ್ನು ಪೂರ್ತಿ ಓದಿಯೇ ಒತ್ತಿ.

ಇನ್ನು ಮೊದಲ ಬ್ಯಾಚಿನ ಪ್ರಶ್ನೆ. ಸಡಿಲ ಕಟ್‌ಆಫ್ ಎಂದರೆ ಕಳಪೆ ಕೋರ್ಸ್ ಎಂದೂ ಅಲ್ಲ, ಬಿಗಿ ಕಟ್‌ಆಫ್ ಎಂದರೆ ಒಳ್ಳೆಯ ಪಾಠ ಎಂದೂ ಅಲ್ಲ. ಮೊದಲ ವರ್ಷದ ಪಾಠ ಬಹುಪಾಲು ಎಲ್ಲ ಶಾಖೆಗೂ ಸಾಮಾನ್ಯವಾದದ್ದೇ, ಶಾಖೆಯ ಅಸಲಿ ವಿಷಯಗಳು ಶುರುವಾಗುವುದು ಮೂರನೇ ಸೆಮಿಸ್ಟರಿನಿಂದ. ಎಐಸಿಟಿಇ ಲೆಕ್ಕದಲ್ಲಿ 20 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕರು. 60 ಜನರ ಮೊದಲ ಬ್ಯಾಚಿಗೆ 3 ಜನ ಇದ್ದರೆ ನಿಯಮ ಪೂರೈಸಿದಂತೆ, ನಾಲ್ಕೂ ವರ್ಷ ತುಂಬಿ 240 ಆದಾಗ 12 ಜನ ಬೇಕು. ಆ ಉಳಿದ 9 ಜನರನ್ನು ಕಾಲೇಜು ಸಮಯಕ್ಕೆ ತೆಗೆದುಕೊಳ್ಳುತ್ತದೆಯೇ, ಇಲ್ಲ ಕಂಪ್ಯೂಟರ್ ಸೈನ್ಸ್ ವಿಭಾಗದವರನ್ನೇ ಎರಡೂ ಕಡೆ ಓಡಾಡಿಸುತ್ತದೆಯೇ ಎಂಬುದು ಮೊದಲ ಬ್ಯಾಚಿನವರಿಗೆ ತಾಗುವ ನಿಜವಾದ ಸಮಸ್ಯೆ. ಕಾಲೇಜಿಗೆ ಹೋದಾಗ ಸ್ವಾಗತ ಕೋಣೆಯ ಕರಪತ್ರ ಬಿಟ್ಟು ಇದನ್ನು ಕೇಳಿ: ಈ ವಿಭಾಗಕ್ಕೆ ಮುಖ್ಯಸ್ಥರು ನೇಮಕವಾಗಿದ್ದಾರೆಯೇ, ಅವರ ಓದು ಯಾವ ವಿಷಯದಲ್ಲಿ, ಮೂರನೇ ಸೆಮಿಸ್ಟರಿಗೆ ಪ್ರಯೋಗಾಲಯ ಯಾವ ಕೋಣೆಯಲ್ಲಿ? ಕೋಣೆಯನ್ನೇ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

‘ಎನ್‌ಬಿಎ ಮಾನ್ಯತೆ ಇದೆ’ ಎಂದು ಹೇಳಿದರೆ ಯಾವ ಶಾಖೆಗೆ ಎಂದು ಕೇಳಿ. ಎನ್‌ಬಿಎ ಎಂದರೆ ಕೋರ್ಸಿನ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಕನಿಷ್ಠ ಎರಡು ಬ್ಯಾಚ್ ಪದವಿ ಮುಗಿಸಿದ ಮೇಲೆಯೇ ಒಂದು ಕೋರ್ಸ್ ಎನ್‌ಬಿಎ ಮಾನ್ಯತೆಗೆ ಅರ್ಹವಾಗುವುದು. ಈ ವರ್ಷ ಶುರುವಾದ ಕೋರ್ಸಿಗೆ ಅದು ಇನ್ನೂ ಐದು ವರ್ಷದ ಮಾತು, ನಿಮ್ಮ ಮಗಳು ಓದಿ ಹೊರಬಂದ ಮೇಲಿನ ಮಾತು. ಪ್ಲೇಸ್‌ಮೆಂಟ್ ಅಂಕಿಯೂ ಹಾಗೆಯೇ, ತೋರಿಸುವುದೆಲ್ಲ ಬೇರೆ ಶಾಖೆಯದು. ಹಳೆಯ, ಗಟ್ಟಿ ಕಂಪ್ಯೂಟರ್ ಸೈನ್ಸ್ ವಿಭಾಗವಿರುವ ಕಾಲೇಜಿನಲ್ಲಿ ಹೊಸ ಎಐ-ಎಂಎಲ್ ಬಂದರೆ ಅಪಾಯ ಕಡಿಮೆ, ಅಧ್ಯಾಪಕರು, ಲ್ಯಾಬು, ಬರುವ ಕಂಪನಿಗಳು ಬಹುಮಟ್ಟಿಗೆ ಅವೇ. ಕಾಲೇಜೇ ಹೊಸತು ಅಥವಾ ಇರುವ ಶಾಖೆಗಳೇ ತುಂಬುತ್ತಿಲ್ಲ ಎಂದಾದರೆ ಮಾತ್ರ ಯೋಚಿಸಿ. ಮುಂದಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಬಾರದೆ ಕೋರ್ಸನ್ನು ಹಂತಹಂತವಾಗಿ ಮುಚ್ಚಬಹುದು. ಸೇರಿದವರು ಓದು ಮುಗಿಸಬಹುದಾದರೂ, ಹಿಂದೆ ಕಿರಿಯರಿಲ್ಲದ ವಿಭಾಗಕ್ಕೆ ಯಾರೂ ಹಣ ಹಾಕುವುದಿಲ್ಲ. ‘ಸೇರಿಬಿಡಿ, ಎರಡನೇ ವರ್ಷ ಕಂಪ್ಯೂಟರ್ ಸೈನ್ಸಿಗೆ ಬದಲಾಯಿಸಿಕೊಡ್ತೀವಿ’ ಎಂಬ ಭರವಸೆಯನ್ನು ನಂಬಬೇಡಿ. ಬದಲಾವಣೆ ಅಲ್ಲಿ ಸೀಟು ಖಾಲಿಯಿದ್ದರೆ ಮಾತ್ರ, ಬೇಡಿಕೆಯ ಶಾಖೆಯಲ್ಲಿ ಅದು ಅಪರೂಪ.

ನಿಮ್ಮ ಜಾಗದಲ್ಲಿ ನಿಂತು ನೋಡಿದರೆ, ಆ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗ ಹತ್ತಾರು ವರ್ಷದ್ದಾಗಿದ್ದರೆ ಮಗಳ ಹಟದಲ್ಲಿ ತಪ್ಪಿಲ್ಲ, ಆಪ್ಷನ್ ಪಟ್ಟಿಯಲ್ಲಿ ಅವಳು ಹೇಳಿದ ಜಾಗದಲ್ಲೇ ಅದು ಇರಲಿ.

ಏಜೆಂಟರ ಅಡ್ವಾನ್ಸಿನ ಮಾತಿಗೆ ಬರುತ್ತೇನೆ. ಆಡಳಿತ ಮಂಡಳಿ ಸೀಟು ಕಾನೂನುಬದ್ಧವೇ. ಆದರೆ ಅದರ ಶುಲ್ಕ ಸರ್ಕಾರಿ ಕೋಟಾದ ಹಲವು ಪಟ್ಟು, ಅದೂ ನಾಲ್ಕು ವರ್ಷಕ್ಕೆ. ಖಾಸಗಿ ಕಾಲೇಜುಗಳಲ್ಲಿ ಕೆಇಎಯ ಕೊನೆಯ ಸುತ್ತಿನ ನಂತರ ತುಂಬದೆ ಉಳಿದ ಸೀಟುಗಳು ಆಡಳಿತ ಮಂಡಳಿಗೇ ಹೋಗುವುದರಿಂದ, ಹೊಸ ಕೋರ್ಸಿನಲ್ಲಿ ಆಗಸ್ಟ್, ಸೆಪ್ಟೆಂಬರ್‌ವರೆಗೂ ಸೀಟು ಸಿಗುವುದು ಸಾಮಾನ್ಯ, ಬೆಲೆಯೂ ಆಗ ಇಳಿದಿರುತ್ತದೆ. ಈಗ ಅವಸರ ಮಾಡುವುದಕ್ಕೆ ಕಾರಣ ಏಜೆಂಟರದ್ದು, ನಿಮ್ಮದಲ್ಲ. ಹಾಗೂ ಕೊಡಲೇಬೇಕಾಗಿ ಬಂದರೆ ಕಾಲೇಜಿನ ಖಾತೆಗೆ ಬ್ಯಾಂಕ್ ಮೂಲಕ ಕೊಟ್ಟು, ಮಗಳ ಹೆಸರು, ಕೋರ್ಸಿನ ಪೂರ್ತಿ ಹೆಸರು, ವರ್ಷ ಇರುವ ರಸೀದಿ ಪಡೆಯಿರಿ. ನಿಗದಿತ ದಿನಾಂಕದೊಳಗೆ ಪ್ರವೇಶ ಹಿಂಪಡೆದರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯದೆ ಶುಲ್ಕ ವಾಪಸ್ ಕೊಡಬೇಕು ಎಂಬುದು ಎಐಸಿಟಿಇ ನಿಯಮ, ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಆ ನಿಯಮ ಕಾಯುವುದು ರಸೀದಿ ಇರುವ ಹಣವನ್ನು ಮಾತ್ರ. ಏಜೆಂಟರ ಕೈಗೆ ನಗದು ಕೊಟ್ಟ ಅಡ್ವಾನ್ಸಿಗೆ ಯಾವ ನಿಯಮವೂ ಇಲ್ಲ. ಅಣಕು ಹಂಚಿಕೆಗೆ ಮುಂಚೆ ಯಾರ ಕೈಗೂ ಹಣವನ್ನೋ ಮಗಳ ಮೂಲ ಅಂಕಪಟ್ಟಿಯನ್ನೋ ಕೊಡಬೇಡಿ. ಆಪ್ಷನ್ ಎಂಟ್ರಿಯ ಪಾಸ್‌ವರ್ಡ್ ಮತ್ತು ಒಟಿಪಿ ಬರುವ ಮೊಬೈಲ್ ಕೂಡ ನಿಮ್ಮ ಮನೆಯಲ್ಲೇ ಇರಲಿ.